ಇತರ ಬಂಧುಮಿತ್ರರು

ಇದು ನಡೆದದ್ದೇ. ಉಪ್ಪು-ಖಾರ ಹಾಕಿಲ್ಲ, ರಮ್ ಮಾತ್ರ ಒಂದೆರಡು ಹನಿ ಚೆಲ್ಲಿರಬಹುದು. ಗ್ರೆನಡಾ ದ್ವೀಪದ ಗ್ವಾವ್ ಎಂಬ ಹಳೇ ಬಂದರಿನಲ್ಲಿ ಉಸಿರು ನಿಂತ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಮಧ್ಯಾಹ್ನದ ವಾರ್ತೆ ಮುಗಿದು, ರೇಡಿಯೋದಲ್ಲಿ ಆರ್ಗನ್ ವಾದ್ಯ ಒಮ್ಮೆ ನರಳಿ, ಗಂಭೀರ ಗಂಟಲೊಂದು ಸತ್ತವರ ಹೆಸರು, ಅಡ್ಡಹೆಸರು, ಅವರು ಯಾರನ್ನೆಲ್ಲ ಅಗಲಿದ್ದಾರೆ ಎಂಬುದನ್ನು ಓದಿದ ಮೇಲೇ ಸಾವು ಪಕ್ಕಾ. ಹಾಗೆ ಹೆಸರು ಬಂದವರು ಶವಪೆಟ್ಟಿಗೆಯ ಹಿಂದೆ ನಡೆಯುತ್ತಾರೆ, ಇಗರ್ಜಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಾರೆ. ಬರದವರು ರಸ್ತೆಯಂಚಿನಲ್ಲಿ ಟೋಪಿ ತೆಗೆದು ನಿಲ್ಲುತ್ತಾರೆ.

ಆ ಗಂಭೀರ ಗಂಟಲನ್ನು ಆಲ್ವಿನ್ ಕದ್ದಿದ್ದ. ಬಲೆ ಹೆಣೆಯುವುದು ಅವನ ಕಸುಬು, ಮಿಮಿಕ್ರಿ ಅವನ ಚಟ. ಊರಿಗೆಲ್ಲ ಚಿಕ್ಕಮ್ಮನಂತಿದ್ದ ಟಾಂಟಿ ಜೋಯ್ಸಳ ರಮ್ ಅಂಗಡಿಯಲ್ಲಿ ಖಾಲಿ ಬಿಸ್ಕತ್ತಿನ ಡಬ್ಬಿಗೆ ಬಾಯಿಟ್ಟು, ಅರ್ಧ ಊರನ್ನು ಅವರವರ ಎದುರಿಗೇ ಸಾಯಿಸಿದ್ದ. ಒಂದು ದಿನ ಮೀನುಗಾರ ಸಿಪ್ರಿಯನ್‌ನ ಸರದಿ.

"...ಮೃತರು ಒಂದು ತೂತುಬಿದ್ದ ದೋಣಿ ಹಾಗೂ ಒಂದು ಕುಂಟ ಮೇಕೆಯನ್ನು ಅಗಲಿದ್ದಾರೆ."

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾಗ, ಜಾಯಿಕಾಯಿ ಗೋದಾಮಿನ ಕೆಲಸ ಮುಗಿಸಿ ಬಂದ ವರ್ನೆಲ್ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಲೇ ಆಲ್ವಿನ್, ನನ್ನ ಹೆಸರೆಲ್ಲೋ? ಮೇಕೆಗಿಂತ ಕಡೆ ಆದ್ನಾ ನಾನು?"

"ಸೀನಿಯಾರಿಟಿ ಅಕ್ಕಾ. ಮೇಕೆ ನಿನಗಿಂತ ಮುಂಚೆ ಬಂದಿದ್ದು."

"ಮೇಕೆ ಅವನ ಕಾಲು ಒತ್ತುತ್ತಾ? ಹಾಕು ಹೆಸರು!"

ಆಲ್ವಿನ್ ಮತ್ತೆ ಡಬ್ಬಿ ಎತ್ತಿ ಹೆಸರು ಹಾಕಿದ. ಸಿಪ್ರಿಯನ್ನೂ ವರ್ನೆಲ್ಲೂ ಒಂದೇ ಸೂರಿನಡಿ ಇಪ್ಪತ್ತು ವರ್ಷ ಬಾಳಿದ್ದರು. ಮದುವೆಯೊಂದು ಆಗಿರಲಿಲ್ಲ. ಆಗಿಲ್ಲವೆಂಬುದು ಊರಿಗೆ ಮರೆತೇ ಹೋಗಿತ್ತು.

ಮರೆಯದವಳು ಒಬ್ಬಳಿದ್ದಳು, ಲಂಡನ್ನಿನಲ್ಲಿ. ವರ್ನೆಲ್ ತೀರಿಕೊಂಡಾಗ ಅವಳ ಅಕ್ಕ ಆಗಥಾ ವಿಮಾನದಿಂದ ಇಳಿದವಳೇ ಹೆಣ, ಮನೆ, ರೇಡಿಯೋ ಪ್ರಕಟಣೆ ಮೂರನ್ನೂ ಕೈಗೆ ತೆಗೆದುಕೊಂಡಳು. ಸಿಪ್ರಿಯನ್‌ನ ಪರವಾಗಿ ಕೇಳಲು ಆಲ್ವಿನ್ ಮನೆಯೊಳಗೆ ಹೋದ.

"ಮೇಡಂ, ಪ್ರಕಟಣೇಲಿ ಸಿಪ್ರಿಯನ್ ಮಾಮನ ಹೆಸರೊಂದು..."

"ಯಾವ ಸಂಬಂಧದಲ್ಲಿ?" ಆಗಥಾ ಕೈಚೀಲವನ್ನು ಟಕ್ಕೆಂದು ಮುಚ್ಚಿದಳು. "ಪಾದ್ರಿ ಮಾಡಿಸದ ಮದುವೇನ ರೇಡಿಯೋ ಮಾಡಿಸುತ್ತಾ? ನನ್ನ ತಂಗಿ ಮನೇಲಿ ಬಾಡಿಗೆ ಕೊಡದೆ ಇದ್ದವನು ಅವನು. ಅಷ್ಟೇ."

ಹೊರಗೆ ಅಂಗಳದಲ್ಲಿ ಸಿಪ್ರಿಯನ್ ತಟ್ಟನೆ ಎದ್ದು ನಿಂತ. "ಏನಂದ್ಲೋ?"

ಆಲ್ವಿನ್‌ಗೆ ಯಾರ ದನಿ ಬೇಕಾದರೂ ಬರುತ್ತಿತ್ತು. ತನ್ನದೇ ಬರಲಿಲ್ಲ.

"ಹಾಕಿಸ್ತಾರಂತೆ ಮಾಮ."

"ಗಂಡ ಅಂತ್ಲೇ ಅನ್ಬೇಕು ಅಂತಿಲ್ಲಪ್ಪ. ಹೆಸರು ಬಂದ್ರೆ ಸಾಕು. ಅವಳ ಹಿಂದೆ ನಡೀಬೇಕು ನಾನು."

ಸುಳ್ಳು ಹೇಳಿಯಾಗಿತ್ತು, ಇನ್ನು ಅದಕ್ಕೊಂದು ದನಿ ಬೇಕಿತ್ತು. ಪ್ರಕಟಣೆಯ ಹೊತ್ತಿಗೆ ಸಿಪ್ರಿಯನ್‌ನನ್ನು ಅಂಗಡಿಗೆ ಕರೆತರುವುದು, ರೇಡಿಯೋದ ಸದ್ದನ್ನು ಪೂರ್ತಿ ಇಳಿಸಿಡುವುದು, ಅದರ ಹಿಂದಿನ ಹಲಗೆಗೋಡೆಯಾಚೆ ಕೂತು ತಾನೇ ಓದುವುದು. ಬೀದಿಯ ಬೇರೆ ರೇಡಿಯೋಗಳು ಕೇಳಿಸದಂತೆ ಕಿಟಕಿಗಳನ್ನೆಲ್ಲ ಮುಚ್ಚಿಸಿದ.

"ಇದು ಚೇಷ್ಟೆಯೋ, ದಾನವೋ?" ಎಂದಳು ಟಾಂಟಿ ಜೋಯ್ಸ್.

"ಎರಡಕ್ಕೂ ಡಬ್ಬಿ ಒಂದೇ ಟಾಂಟಿ."

"ನಾಳೆ ಮಣ್ಣಿಗೆ ಹೋಗುವಾಗ ಇಗರ್ಜಿ ಬಾಗಿಲಲ್ಲಿ ಆಗಥಾ ತಡೆದ್ರೆ?"

"ಊರೆಲ್ಲಾ ಸುತ್ತ ನಿಂತಿರುವಾಗ ಆ ಹೆಂಗಸು ಅವನ್ನ ತಳ್ತಾಳಾ? ನಾಳೆದು ಬಿಡು."

ಮಧ್ಯಾಹ್ನ ಸಿಪ್ರಿಯನ್ ಇಸ್ತ್ರಿ ಮಾಡಿದ ಕರಿ ಪ್ಯಾಂಟಿನಲ್ಲಿ ಬಂದ. ಕತ್ತಲೆ, ಸೆಕೆ, ರಮ್ಮಿನ ವಾಸನೆ. ಗುಟ್ಟು ಗೊತ್ತಿದ್ದ ಗಿರಾಕಿಗಳು ತುಟಿ ಕಚ್ಚಿ ಕೂತಿದ್ದರು. ಅಷ್ಟರಲ್ಲಿ ಹಡಗಿನಿಂದ ಊರು ನೋಡಲು ಇಳಿದಿದ್ದ ದಂಪತಿ ಒಳಗೆ ನುಗ್ಗಿದರು, ಕೊರಳಲ್ಲಿ ಕ್ಯಾಮೆರಾ, ಮೂಗಿನ ಮೇಲೆ ಬಿಸಿಲಿನ ಕೆಂಪು. ಅವರನ್ನು ಹೊರಗೆ ಕಳಿಸಲು ಟಾಂಟಿ ಬಾಯಿ ತೆರೆಯುವ ಮೊದಲೇ ಗೋಡೆಯಾಚೆ ಆರ್ಗನ್ ನರಳಿತು. ಅದೂ ಆಲ್ವಿನ್‌ನ ಗಂಟಲೇ.

"ಗ್ವಾವ್ ಪಟ್ಟಣದ ಶ್ರೀಮತಿ ವರ್ನೆಲ್ ಅವರ ನಿಧನವನ್ನು ವಿಷಾದದಿಂದ ತಿಳಿಸುತ್ತಿದ್ದೇವೆ. ಮೃತರು ತಮ್ಮ ಪ್ರೀತಿಯ ಪತಿ ಸಿಪ್ರಿಯನ್..."

ಸಿಪ್ರಿಯನ್ ಟೋಪಿ ತೆಗೆದು ಎದೆಗೊತ್ತಿಕೊಂಡ. ಬಾಗಿದ್ದ ಬೆನ್ನು ನೆಟ್ಟಗಾಯಿತು. ಮೊದಲ ಬೆಂಚಿನಲ್ಲಿ ಕೂತವನ ಹಾಗೇ ಕಂಡ. ಹಲಗೆಯ ಸಂದಿಯಿಂದ ನೋಡುತ್ತಿದ್ದ ಆಲ್ವಿನ್ ಮುಂದಿನ ಹೆಸರಿಗೆ ಉಸಿರೆಳೆದುಕೊಂಡ.

"ಅಬ್ಬಾ, ಏನು ಸೆಕೆ!" ಎಂದು ಆ ಪ್ರವಾಸಿ ಹೆಂಗಸು ಪಕ್ಕದ ಕಿಟಕಿಯನ್ನು ದಬ್ಬಿ ತೆರೆದಳು.

ಬೀದಿಯ ರೇಡಿಯೋಗಳೆಲ್ಲ ಒಟ್ಟಿಗೇ ಒಳಗೆ ಬಂದವು. ಅದೇ ಗಂಟಲು, ಅದೇ ಗಾಂಭೀರ್ಯ. "...ಲಂಡನ್ನಿನ ಅಕ್ಕ ಆಗಥಾ, ಬ್ರೂಕ್ಲಿನ್ನಿನ ಸೋದರಸಂಬಂಧಿಗಳು, ಇಗರ್ಜಿಯ ಮಾತೆಯರ ಸಂಘ, ಜಾಯಿಕಾಯಿ ಗೋದಾಮಿನ ಸಹೋದ್ಯೋಗಿಗಳು, ಹಾಗೂ ಹೆಸರಿಸಲಾಗದಷ್ಟು ಇತರ ಬಂಧುಮಿತ್ರರನ್ನು ಅಗಲಿದ್ದಾರೆ."

ಆರ್ಗನ್ ನರಳಿತು. ಈ ಸಲ ನಿಜವಾದದ್ದು.

ಒಂದೇ ದನಿ ಎರಡು ಕಡೆಯಿಂದ ಕೇಳಿದ ಪ್ರವಾಸಿ ಹೆಂಗಸು ಚಪ್ಪಾಳೆ ತಟ್ಟಿದಳು. "ಏನು ಚೆನ್ನಾಗಿ ಮಾಡ್ತಾರೆ! ಇನ್ನೊಂದ್ಸಲ ಮಾಡಿಸಿ!" ಗಂಡ ಕ್ಯಾಮೆರಾ ಎತ್ತಿದ.

ಆಲ್ವಿನ್ ಗೋಡೆಯ ಹಿಂದಿನಿಂದ ಬಂದ. ಕೂದಲಲ್ಲಿ ಜೇಡರಬಲೆ, ಕೈಯಲ್ಲಿ ಡಬ್ಬಿ. ಸಿಪ್ರಿಯನ್ ಡಬ್ಬಿಯನ್ನು ನೋಡಿದ, ಅವನ ಮುಖವನ್ನು ನೋಡಿದ, ಮತ್ತೆ ಡಬ್ಬಿಯನ್ನು ನೋಡಿದ.

"ಮಾಮ, ಅವತ್ತೇ ಹೇಳ್ಬೇಕಿತ್ತು. ನನಗೆ..."

"ಸುಮ್ನಿರೋ ಮಗನೇ. ಸರಿಯಾಗಿ ಕೇಳಿಸ್ಕೊಂಡ್ಯಾ? ನಾನೂ ಇದೀನಿ ಅದ್ರಲ್ಲಿ! ಕಟ್ಟಕಡೇಲಿ 'ಇತರ' ಅಂದ್ರಲ್ಲ, ಅದು ನಾನೇ ಕಣೋ!" ಎದೆಗೊತ್ತಿದ್ದ ಟೋಪಿಯನ್ನು ಅವನು ತಲೆಗಿಟ್ಟುಕೊಂಡು ಮೇಜು ಗುದ್ದಿದ. "ಟಾಂಟಿ, ಶ್ರೀಯುತ ಇತರ ಅವರಿಗೊಂದು ರಮ್! ಮೇಕೆಗೂ ಒಂದು, ಪಾಪ, ಅದರ ಹೆಸರೂ ಬಿಟ್ಟಿದ್ದಾರೆ!"

ಅವನು ನಗತೊಡಗಿದ. ಪ್ರವಾಸಿಗಳೂ ಸೇರಿಕೊಂಡರು. ಟಾಂಟಿಯ ಕೈಯಲ್ಲಿ ಸೀಸೆ ಹಾಗೇ ನಿಂತಿತ್ತು. ಆಲ್ವಿನ್ ತಾನೂ ನಗಲು ನೋಡಿದ. ನೂರು ನಗೆ ಬರುತ್ತಿದ್ದವನಿಗೆ ಒಂದೂ ಬರಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ, ಕೆಮ್ಮುತ್ತಾ, ತೆರೆದ ಕಿಟಕಿಯಿಂದ ಇಡೀ ಬೀದಿಗೆ ಕೇಳುವಂತೆ, ಎಲ್ಲರಿಗಿಂತ ಜೋರಾಗಿ ಸಿಪ್ರಿಯನ್ ನಗುತ್ತಲೇ ಇದ್ದ.