ಮೊದಲ ತುತ್ತಿನ ಮಾತು

ಆ ಮನೆಯಲ್ಲಿ ಊಟಕ್ಕೆ ಕೂತರೆ ಮೊದಲ ತುತ್ತಿಗೇ ಎಲ್ಲರೂ "ಚೆನ್ನಾಗಿದೆ" ಅನ್ನಬೇಕು. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮೀರಿದವರನ್ನು ಯಾರೂ ಕಂಡಿರಲಿಲ್ಲ. ನಿಯಮ ತಂದವನು ಮನೆಯ ಯಜಮಾನ. ಅವನ ಅಪ್ಪ ಮಹಾ ಸಿಡುಕ. ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ತಟ್ಟೆ ಎತ್ತಿ ಗೋಡೆಗೆ ಬಡಿಯುತ್ತಿದ್ದನಂತೆ. ಅಮ್ಮ ತಲೆಗೂದಲಿಗೆ ಸಿಡಿದ ಬೇಳೆ ಒರೆಸಿಕೊಳ್ಳುತ್ತಾ ಮತ್ತೆ ಒಲೆ ಹಚ್ಚುತ್ತಿದ್ದಳಂತೆ. ಅದನ್ನು ನೋಡಿ ಬೆಳೆದ ಹುಡುಗ, ತನ್ನ ಮನೆಯಲ್ಲಿ ಅನ್ನದ ಮುಂದೆ ಒಂದು ಕೆಟ್ಟ ಮಾತು ಹುಟ್ಟಬಾರದು ಎಂದು ಮದುವೆಯಾದ ಹೊಸದರಲ್ಲೇ ತೀರ್ಮಾನಿಸಿಬಿಟ್ಟ. ಒಳ್ಳೆಯ ಯೋಚನೆಯೇ. ಒಳ್ಳೆಯ ಯೋಚನೆಗಳಿಂದ ಎಷ್ಟು ಮನೆಗಳು ಕೆಟ್ಟಿವೆಯೋ ಯಾರು ಬಲ್ಲರು.

ಅವನು ಬೀಗ ರಿಪೇರಿಯವನು. ಹೆಂಡತಿ ಟೈಲರ್. ಬಟ್ಟೆಯಂಗಡಿಯ ಹಿಂದಿನ ಕಿರುಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟು ಬಿಗಿ ಮಾಡುವುದು, ಸಡಿಲ ಮಾಡುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು ಅವಳ ಕೆಲಸ. ಅಲ್ಲಿ ಹೊಗಳಿಕೆಯ ಸುದ್ದಿಯೇ ಇಲ್ಲ. ಹೊಲಿಗೆ ಸರಿಯಿದ್ದರೆ ಗಿರಾಕಿ ತುಟಿ ಪಿಟಕ್ಕೆನ್ನದೆ ಹೋಗುತ್ತಾನೆ, ಒಂದೆಳೆ ತಪ್ಪಿದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ. ಹಾಗಾಗಿ ಸಂಜೆ ಮನೆಗೆ ಬಂದು, ಸೊಂಟ ನೋಯುತ್ತಿದ್ದರೂ ಬೇಯಿಸಿ ಬಡಿಸಿದಾಗ ಕೇಳುವ ಆ ಒಂದು ಮಾತಿನ ಮೇಲೆ ಅವಳು ಮಾರನೆಯ ದಿನ ಬದುಕುತ್ತಿದ್ದಳು. ಚಳಿಗೆ ಕೋಸು, ಕುಂಬಳ, ಬಿಸಿ ಬೇಳೆ. ಸೆಕೆಗೆ ಸೌತೆ, ಮೊಸರು, ಸೊಪ್ಪು. ಮಳೆಗೆ ಕಾಳು, ಹುರಿದ ಬದನೆ. ದೊಡ್ಡ ಅಡುಗೆಯೇನಲ್ಲ. ಆದರೆ ಕೈಗುಣ ಇದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ಗಂಡ, ಮಗ, ಮಗಳು ಮೂವರೂ ದಿನವೂ ಹಾಗೆ ಹೇಳುತ್ತಿದ್ದರು.

ಆ ವರ್ಷ ಚಳಿಯ ನಡುವೆ ಅವಳಿಗೆ ಜ್ವರ ಬಂತು. ವಾರ ಮಲಗಿ ಎದ್ದವಳು ಒಲೆಯ ಮುಂದೆ ನಿಂತು ಈರುಳ್ಳಿ ಹುರಿದಳು. ಈರುಳ್ಳಿ ಚಟಪಟ ಅಂತು, ಕೆಂಪಾಯಿತು, ವಾಸನೆ ಮಾತ್ರ ಬರಲಿಲ್ಲ. ಬಾಣಲೆಯ ಮೇಲೆ ಮುಖ ಹಿಡಿದಳು. ಬಿಸಿ ತಾಗಿತು, ಅಷ್ಟೇ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಒತ್ತಿದಳು. ಬಚ್ಚಲಿಗೆ ಹೋಗಿ ಫಿನಾಯಿಲ್ ಬಾಟಲಿ ಬಿಚ್ಚಿದಳು. ಕೊನೆಗೆ, ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಮಗನ ಕಾಲುಚೀಲವೂ ನಾರದೇ ಹೋದಾಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. "ಬಂದರೆ ಬರಬಹುದು, ಬರದೆಯೂ ಇರಬಹುದು" ಎಂದು ಡಾಕ್ಟರು ಕಿಟಕಿಯ ಕಡೆ ನೋಡುತ್ತಾ ಹೇಳಿದರು.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಗಂಡ ಅಯ್ಯೋ ಪಾಪ ಅನ್ನುತ್ತಾನೆ, ಮಗಳು ಸೌಟು ಕಸಿದುಕೊಳ್ಳುತ್ತಾಳೆ. ಆಮೇಲೆ ತಾನು ಬರೀ ಜಿಪ್ಪು ಕೀಳುವವಳು. ಆ ಯೋಚನೆ ಅವಳಿಗೆ ಜ್ವರಕ್ಕಿಂತ ಕೆಟ್ಟದಾಗಿ ಕಂಡಿತು.

ವಾಸನೆ ಹೋದ ಮೇಲೆ ಊಟ ಎಂಬುದು ಎಷ್ಟು ಹೇಸಿಗೆಯ ವಸ್ತು ಎಂದು ಅವಳಿಗೆ ತಿಳಿಯಿತು. ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ತಾಗುತ್ತಿದ್ದವು. ಉಳಿದದ್ದೆಲ್ಲ ಬರೀ ಮೈ. ಬೇಳೆ ಬೆಚ್ಚಗಿನ ಲೋಳೆ. ಬೆಂದ ಕೋಸು ಹಲ್ಲಿನ ನಡುವೆ ಒದ್ದೆ ಬಟ್ಟೆಯ ಹಾಗೆ ಕಿರುಗುಟ್ಟುತ್ತಿತ್ತು. ಮೊಟ್ಟೆಯ ಬಿಳಿಯನ್ನು ಬಾಯಲ್ಲಿ ಇಟ್ಟುಕೊಂಡಿರಲಿಕ್ಕೇ ಆಗುತ್ತಿರಲಿಲ್ಲ. ಯಾರದೋ ನಾಲಿಗೆ ತನ್ನ ಬಾಯೊಳಗೆ ಬಂದಂತಾಗಿ ಮೈ ಝುಂ ಎನ್ನುತ್ತಿತ್ತು. ಕಣ್ಣು ಮುಚ್ಚಿ, ನೀರು ಕುಡಿದು, ಔಷಧಿಯ ಹಾಗೆ ಇಳಿಸುತ್ತಿದ್ದಳು.

ತನ್ನ ತಟ್ಟೆಯಲ್ಲಿ ಆಸೆ ಹೋದ ಮೇಲೆ ಕಣ್ಣು ಬೇರೆಯವರ ಬಾಯಿಗೆ ಹೋಯಿತು. ಇಷ್ಟು ವರ್ಷ ಎದುರಿಗೇ ಕೂತು ಉಂಡವರನ್ನು ಅವಳು ಈಗ ನೋಡಿದಳು. ಗಂಡನ ದವಡೆ ಎರಡು ಸಲ ಆಡುತ್ತಿತ್ತು, ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ಆಗಲೇ ಇನ್ನೊಂದು ತುತ್ತು ಬಾಯಿಯ ಬಾಗಿಲಲ್ಲಿ. ಮಗ ಬಾಯಿ ತೆರೆದು ಅಗಿಯುತ್ತಿದ್ದ. ಒಳಗಿನ ಕಲಸುಮೇಲೋಗರವೆಲ್ಲ ಕಾಣುತ್ತಿತ್ತು. ಚಪ್ಪಲಿ ಅಂಗಡಿಯಲ್ಲಿ ದುಡಿಯುವ ಮಗಳು ಬೆರಳು ಚೀಪಿ ಅದೇ ಬೆರಳಿಂದ ಉಪ್ಪಿನ ಬಟ್ಟಲಿಗೆ ಕೈ ಹಾಕುತ್ತಿದ್ದಳು. ಅಸಹ್ಯ! ಹೆತ್ತ ಮಕ್ಕಳನ್ನೇ ನೋಡಿ ವಾಕರಿಕೆ ಬರುತ್ತದಲ್ಲ ಎಂದು ತನ್ನ ಮೇಲೂ ಅಸಹ್ಯ.

ಆದರೂ ನೋಡಲೇಬೇಕಿತ್ತು. ಯಾಕೆಂದರೆ ಅವರ ಮುಖಗಳೇ ಈಗ ಅವಳ ಮೂಗು. ಏನಾದರೂ ಹಳಸಿದ್ದರೆ, ಸೀದಿದ್ದರೆ, ಯಾರಾದರೊಬ್ಬರ ಹುಬ್ಬು ಗಂಟಿಕ್ಕುತ್ತದೆ, ಆಗ ತಿದ್ದಿಕೊಂಡರಾಯಿತು ಎಂದುಕೊಂಡಿದ್ದಳು. ಬಡಿಸಿ, ಕೈ ಕಟ್ಟಿ, ಮೊದಲ ತುತ್ತಿಗೆ ಉಸಿರು ಹಿಡಿದು ನಿಲ್ಲುತ್ತಿದ್ದಳು. "ಚೆನ್ನಾಗಿದೆ" ಎನ್ನುತ್ತಿದ್ದ ಗಂಡ. "ಚೆನ್ನಾಗಿದೆ" ಮಗ. "ಚೆನ್ನಾಗಿದೆ ಅಮ್ಮ" ಮಗಳು. ಹೋದ ಜೀವ ಬರುತ್ತಿತ್ತು.

ಚಳಿ ಸರಿಯುವ ಹೊತ್ತಿಗೆ ಒಂದು ದಿನ ಬೇಳೆಯ ಪಾತ್ರೆಯ ತಳ ಇದ್ದಿಲಾಗಿತ್ತು. ಪಕ್ಕದಲ್ಲೇ ಸೌತೆ ಹೆಚ್ಚುತ್ತಾ ನಿಂತಿದ್ದವಳಿಗೆ ಗೊತ್ತೇ ಆಗಿರಲಿಲ್ಲ. ಮೇಲಿನದ್ದನ್ನು ತೆಗೆದು ಬಡಿಸಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಮೂರೂ ಬಾಯಿ ಅದೇ ಮಾತು ಆಡಿದವು. ಹೊಗೆಯ ವಾಸನೆ ಮೇಲಿನ ತನಕ ಹತ್ತಿರಲಿಲ್ಲವೇನೋ, ದೇವರು ದೊಡ್ಡವನು ಎಂದುಕೊಂಡು ಮಲಗಿದಳು.

ಸೆಕೆ ಶುರುವಾಗುವ ಮೊದಲು ಸೋವಿಗೆ ಸಿಕ್ಕಿತೆಂದು ದೊಡ್ಡ ಡಬ್ಬ ಎಣ್ಣೆ ತಂದು ಅಡುಗೆಮನೆಯ ಕಿಟಕಿಗಟ್ಟೆಯ ಮೇಲೆ ಇಟ್ಟಳು. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಬೇರೆ ವರ್ಷವಾಗಿದ್ದರೆ ಒಂದು ದಿನ ಮುಚ್ಚಳ ತೆಗೆದ ಕೂಡಲೇ ಮುಖ ಸಿಂಡರಿಸಿ ಡಬ್ಬವನ್ನು ಹೊರಗೆ ಹಾಕುತ್ತಿದ್ದಳು. ಈ ವರ್ಷ ಅದರಲ್ಲೇ ಒಗ್ಗರಣೆ, ಅದರಲ್ಲೇ ಹುರಿಯುವುದು, ಅದರಲ್ಲೇ ಸೊಪ್ಪು. ಎಣ್ಣೆ ಸ್ವಲ್ಪ ಅಂಟಂಟು ಅನ್ನಿಸಿತು. ಈಗ ಯಾವುದು ತಾನೇ ಅಂಟಂಟು ಅನ್ನಿಸುವುದಿಲ್ಲ!

ಸೆಕೆಯ ನಡುವೆ ಗಂಡ ತನ್ನ ಪ್ಯಾಂಟು ತಂದು "ಸೊಂಟ ಸ್ವಲ್ಪ ಬಿಗಿ ಮಾಡೇ" ಎಂದ. ಮಾಡಿಕೊಟ್ಟಳು. ಮಗಳ ಲಂಗ ಜಾರುತ್ತಿತ್ತು, ಅದನ್ನೂ ಹಿಡಿದು ಹೊಲಿದಳು. ಚಿಕ್ಕಂದಿನಿಂದ ಉರುಟುರುಟಾಗಿದ್ದು ಬೀದಿಗೆಲ್ಲ 'ಗುಂಡ' ಎನಿಸಿಕೊಂಡಿದ್ದ ಮಗನ ಪ್ಯಾಂಟು ಬಂದಾಗ ಮಾತ್ರ ಅವಳ ಕತ್ತರಿ ನಿಂತಿತು.

"ಏನೋ ಗುಂಡ, ಇಷ್ಟು ಇಳಿದುಬಿಟ್ಟಿದ್ದೀಯಾ?"

"ಸೆಕೆ ಅಮ್ಮ. ಬೆವರಿ ಬೆವರಿ ಕರಗಿಹೋದೆ."

"ಇನ್ನೊಂದು ಸೌಟು ಹಾಕಿಸಿಕೊಳ್ಳಬಾರದೇನೋ?"

"ಬೇಡಬೇಡ, ಹೊಟ್ಟೆ ತುಂಬಿದೆ" ಎಂದು ಅವನು ಬಾಗಿಲು ದಾಟಿಯಾಗಿತ್ತು. ಅವಳು ಸೂಜಿಗೆ ದಾರ ಪೋಣಿಸಿದಳು. ಅಂಗಡಿಯಲ್ಲಿ ಪ್ಯಾಂಟು ನೋಡಿ ಗಿರಾಕಿಯ ಸಂಸಾರದ ಕಥೆ ಹೇಳುವವಳು ತನ್ನ ಮನೆಯ ಮೂರು ಸೊಂಟ ನೋಡಿಯೂ ಏನನ್ನೂ ಓದಿಕೊಳ್ಳಲಿಲ್ಲ. ಓದುವುದು ಬೇಕಿರಲಿಲ್ಲ, ಅಷ್ಟೇ.

ಮಳೆ ಹಿಡಿದ ಮೇಲೆ ಅತ್ತಿಗೆ ಬಂದಳು, ಗಂಡನ ಅಕ್ಕ. ಅದೇ ತಟ್ಟೆ ಹಾರುವ ಮನೆಯಲ್ಲಿ ಬೆಳೆದವಳು, ಆದರೆ ತಮ್ಮನು ಬಾಯಿ ಮುಚ್ಚುವುದನ್ನು ಕಲಿತರೆ ಇವಳು ತೆರೆಯುವುದನ್ನು ಕಲಿತಿದ್ದಳು. ಒದ್ದೆ ಕೊಡೆ ಮೂಲೆಗಿಟ್ಟು, ಸೀದಾ ಊಟಕ್ಕೇ ಕೂತಳು. ಅವತ್ತು ಹುರಿದ ಬದನೆ, ಕಾಳು, ಅನ್ನ. ಮೂವರೂ ತುತ್ತಿಟ್ಟರು, ಮೂವರೂ ಮಾತು ಆಡಿದರು. ಅತ್ತಿಗೆ ಬಾಯಿಗೆ ಹಾಕಿಕೊಂಡವಳು ಅರ್ಧಕ್ಕೆ ನಿಂತಳು. ಕಣ್ಣು ಅಗಲವಾದವು. ಹಾಕಿಕೊಂಡದ್ದನ್ನೆಲ್ಲ ಅಂಗೈಗೆ ಉಗಿದಳು.

"ಥೂ! ಇದೇನೇ ಇದು? ಎಣ್ಣೆ ಕಮಟಾಗಿ ಗಬ್ಬು ನಾರ್ತಿದೆ! ಕಾಳೂ ಮುಗ್ಗಲು. ಇದನ್ನ ಹೇಗ್ರೋ ತಿಂತಾ ಇದ್ದೀರಾ?"

ಗಂಡನ ಮುಖ ಸುಣ್ಣವಾಯಿತು. ಆಮೇಲೆ ಅವನು ಮಾಡಿದ್ದನ್ನು ಹೆಂಡತಿ ಸಾಯುವ ತನಕ ಮರೆಯಲಾರಳು. ತಟ್ಟೆಗೆ ಬಗ್ಗಿ, ಬದನೆಯನ್ನು ಎರಡೂ ಕೈಯಲ್ಲಿ ಬಾಚಿ ಬಾಯಿಗೆ ತುರುಕಿಕೊಂಡು, ಗಲ್ಲದ ಮೇಲೆ ಆ ಕೊಳಕು ಎಣ್ಣೆ ಇಳಿಯುತ್ತಿರುವಂತೆ "ಚೆನ್ನಾಗಿದೆ, ಚೆನ್ನಾಗಿದೆ ಕಣೆ, ಅವಳಿಗೇನು ಗೊತ್ತು" ಎಂದ. ಮಾತಿನ ಜೊತೆ ಅಗಿಯದ ಬದನೆಯ ಚೂರು ಮೇಜಿನ ಮೇಲೆ ಬಿತ್ತು. ಅವಳು ಹೋಗಿ ಅವನ ಮಣಿಕಟ್ಟು ಹಿಡಿದಳು.

"ಉಗೀರಿ."

ಅವನು ನುಂಗಿಬಿಟ್ಟ.

"ನನಗೆ ವಾಸನೆ ಬರೋದಿಲ್ಲ" ಎಂದಳು. "ಚಳಿಗಾಲದ ಜ್ವರದಿಂದ. ಒಂಚೂರೂ ಬರೋದಿಲ್ಲ. ನಿಮ್ಮನ್ನ ನಂಬ್ಕೊಂಡು ಬಡಿಸ್ತಾ ಇದ್ದೆ. ಎಷ್ಟು ದಿನದಿಂದ ಹೀಗಿದೆ?"

ಗುಂಡ ತಟ್ಟೆ ನೋಡಿದ. ಮಗಳ ಕಣ್ಣು ತುಂಬಿದವು. "ಸೆಕೆ ಶುರುವಾದಾಗಿಂದ ಅಮ್ಮ. ಅದಕ್ಕೆ ಮೊದಲೂ ಆಗಾಗ. ನೀನು ಬೇಜಾರು ಮಾಡ್ಕೋತೀಯ ಅಂತ..."

"ಮತ್ತೆ ಹೊಟ್ಟೆಗೆ?"

"ಬಸ್ ನಿಲ್ದಾಣದ ಹತ್ತಿರ ಒಂದು ಕ್ಯಾಂಟೀನಿದೆ. ಮೊದಮೊದಲು ಅರೆಹೊಟ್ಟೇಲೇ ಇದ್ವಿ, ಮಳೆ ಹಿಡಿದಾಗಿಂದ ಅಲ್ಲೇ."

"ಒಬ್ಬೊಬ್ಬರೇ ಹೋಗ್ತಿದ್ರಾ?"

ಗುಂಡ ಹೇಳಿದ. "ಮೂರು ಜನಾನೂ. ಅಪ್ಪ ಅಂಗಡಿ ಮುಚ್ಚಿದ ಮೇಲೆ ಒಟ್ಟಿಗೆ."

ಕಮಟು ಎಣ್ಣೆಗೆ ಆಗದ ವಾಕರಿಕೆ ಈಗ ಆಯಿತು. ತನ್ನ ಗಂಡ, ತನ್ನ ಮಕ್ಕಳು ದಿನವೂ ಸಂಜೆ ಒಂದು ಮೇಜಿನ ಸುತ್ತ ಕೂತು, ನಗುನಗುತ್ತಾ, ಅದು ಕೊಡು ಇದು ಕೊಡು ಎಂದು ಉಂಡು, ಬಾಯಿ ಒರೆಸಿಕೊಂಡು ಮನೆಗೆ ಬಂದು ಅವಳೆದುರು ನಾಲ್ಕು ತುತ್ತು ತುರುಕಿಕೊಂಡು ಸುಳ್ಳು ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದು ಇನ್ನೂ ಅಸಹ್ಯ. ಒಬ್ಬರಾದರೂ ಒಂದು ದಿನ ಮೂಗು ಮುಚ್ಚಿಕೊಂಡು ಥೂ ಅಂದಿದ್ದರೆ ಅವಳು ಆ ಡಬ್ಬವನ್ನು ಅವತ್ತೇ ಚೆಲ್ಲುತ್ತಿದ್ದಳು, ಬೈದುಕೊಂಡು, ಅತ್ತು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೇಯಿಸುತ್ತಿದ್ದಳು.

ಅತ್ತಿಗೆ ಎದ್ದು ಕೈ ತೊಳೆಯಲು ಹೋದಳು. ಇವಳು ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಈಗ ಕೇಳಬೇಕಾದ್ದು ಒಂದೇ ಉಳಿದಿತ್ತು. ಕೇಳದೆ ಇರಲು ಆಗಲಿಲ್ಲ.

"ಅದಿರಲಿ. ಜ್ವರಕ್ಕೆ ಮುಂಚೆ? ಇಷ್ಟು ವರ್ಷ ಹೇಳಿದ್ರಲ್ಲ, ಅದು ನಿಜಾನಾ?"

ಅವನು ಎಣ್ಣೆಗೈಯನ್ನು ಪ್ಯಾಂಟಿಗೆ, ಅವಳೇ ಬಿಗಿ ಮಾಡಿದ ಪ್ಯಾಂಟಿಗೆ, ಒರೆಸಿಕೊಂಡ.

"ನನಗೆ ಗೊತ್ತಿಲ್ಲ ಕಣೆ."

"ಗೊತ್ತಿಲ್ಲ ಅಂದ್ರೆ?"

"ನಾನು ರುಚಿ ನೋಡೋದಿಲ್ಲ. ಚಿಕ್ಕಂದಿನಿಂದಲೂ ಅಷ್ಟೇ. ಅಪ್ಪ ತಟ್ಟೆ ಎತ್ತೋದರೊಳಗೆ ಮುಗಿಸಬೇಕಿತ್ತು. ಬಾಯಿಗೆ ಹಾಕಿದ್ದು ಗೊತ್ತು, ಒಳಗೆ ಹೋಗಿದ್ದು ಗೊತ್ತು. ನಡುವೆ ಏನೂ ಗೊತ್ತಾಗಲ್ಲ. ಚೆನ್ನಾಗಿದೆ ಅಂದ್ರೆ ನೀನು ನಗ್ತಿದ್ದೆ. ಅದಕ್ಕೆ ಅಂತಿದ್ದೆ."

ಕ್ಯಾಂಟೀನಿನ ಊಟವೂ ಹಾಗೆಯೇ ಎಂದ. ಮಕ್ಕಳು ಕರೆದರು, ಹೋದ.

ಅವಳು ಅವನ ಗಲ್ಲದ ಮೇಲಿನ ಎಣ್ಣೆಯನ್ನೇ ನೋಡುತ್ತಾ ಕೂತಳು. ಮದುವೆಯಾದಾಗಿನಿಂದ ಎಷ್ಟು ಚಳಿ, ಎಷ್ಟು ಸೆಕೆ, ಎಷ್ಟು ಮಳೆ. ಕೋಸು ಇನ್ನೊಂದು ಕುದಿ ಬರಲಿ ಎಂದು ನಿಂತು ಕಾದದ್ದು, ಮೊದಲ ಸೌತೆಗೆ ಸಂತೆಯ ಕೊನೆಯ ತನಕ ನಡೆದದ್ದು. ಎಲ್ಲವೂ ಒಂದು ಗಂಟಲಿನೊಳಗೆ ಬಿದ್ದು ಹೋಗಿತ್ತು, ಬಚ್ಚಲ ತೂತಿನೊಳಗೆ ಬೀಳುವ ಹಾಗೆ. ಅಡುಗೆ ಕೆಟ್ಟದಾಗಿತ್ತು ಎಂದು ಹೇಳಿದ್ದರೂ ಅವಳು ಇಷ್ಟು ಬರಿದಾಗುತ್ತಿರಲಿಲ್ಲ. ತಾನೇ ಈಗ ಮತ್ತೆ ಬೇಯಿಸಿ ರುಚಿ ನೋಡಿ ತಿಳಿದುಕೊಳ್ಳೋಣವೆಂದರೆ ಮೂಗಿಲ್ಲ. ಅವಳ ಕೈಯಲ್ಲಿ ಏನಿತ್ತು, ಏನಾದರೂ ಇತ್ತೇ ಎಂದು ಇನ್ನು ತಿಳಿಯುವ ದಾರಿಯಿರಲಿಲ್ಲ.

ಮಗಳು ಹಿಂದಿನಿಂದ ಬಂದು ಭುಜ ತಬ್ಬಿಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಅಪ್ಪಂದು ಬಿಡಮ್ಮ. ನನಗೆ ಗೊತ್ತು. ಮುಂಚೆ ನೀನು ಮಾಡ್ತಿದ್ದ ಹುರಿದ ಬದನೆ ಇತ್ತಲ್ಲ, ಅಂಥದ್ದು ನಾನು ಎಲ್ಲೂ ತಿಂದಿಲ್ಲ. ನಿಜವಾಗ್ಲೂ ಚೆನ್ನಾಗಿರ್ತಿತ್ತು."

ಅವಳು ತಿರುಗಿ ಮಗಳ ಮುಖ ನೋಡಿದಳು. ಕಣ್ಣು ನೋಡಿದಳು, ತುಟಿ ನೋಡಿದಳು. ನಿಜವೇ ಇರಬಹುದು. ಅಳುತ್ತಿರುವ ಹುಡುಗಿ ಸುಳ್ಳು ಯಾಕೆ ಹೇಳುತ್ತಾಳೆ? ಆದರೆ ಈಗಷ್ಟೇ ಆ ಕಮಟು ಬದನೆಗೆ ಆಡಿದ ಮಾತೂ ಇದೇ, ದನಿಯೂ ಇದೇ, ಕೊನೆಯಲ್ಲಿ ಆ ಮುದ್ದಿನ ಎಳೆತವೂ ಇದೇ. ಎರಡನ್ನೂ ಅಕ್ಕಪಕ್ಕ ಇಟ್ಟು ಎಷ್ಟು ಹುಡುಕಿದರೂ ಒಂದೆಳೆ ವ್ಯತ್ಯಾಸ ಸಿಗಲಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ಬಾಯಲ್ಲಿ ನೀರೂರಿ, ಓಕರಿಕೆ ಗಂಟಲ ತನಕ ಬಂತು.

ಮಗಳು ಕಾಯುತ್ತಿದ್ದಳು. ಅಮ್ಮ ನಂಬಿದಳೋ ಇಲ್ಲವೋ ಎಂದು, ಉಸಿರು ಹಿಡಿದು.

"ನನಗೆ ಗೊತ್ತಿಲ್ವೇನೇ" ಎಂದು ಅವಳು ನಕ್ಕು, ಮಗಳ ಕೆನ್ನೆ ಒರೆಸಿದಳು. "ನಿನ್ನ ಮಾತು ಕೇಳಿ ಹೊಟ್ಟೆ ತುಂಬಿತು."

ಮಗಳ ಮುಖ ಅರಳಿತು. ಸುಳ್ಳು ಹೇಳುವುದು ಇಷ್ಟು ಸುಲಭವೇ ಎಂದು ಅಮ್ಮನಿಗೆ ತನ್ನ ಬಾಯಿಯ ಮೇಲೇ ಹೇಸಿಗೆಯಾಯಿತು.