ಎಸ್ತೇರವ್ವನ ಬೆರಳೂ ನನ್ನ ಡಿಗ್ರಿಯೂ

ನಾನು ಒಂದು ಸ್ಕ್ಯಾನಿಂಗ್ ಯಂತ್ರ. ಹೊಟ್ಟೆಯೊಳಗಿನ ಮಗುವನ್ನು ಪರದೆಯ ಮೇಲೆ ತೋರಿಸುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ನೀರು ತುಂಬಿದ ರಬ್ಬರ್ ಚೀಲವೊಂದನ್ನು ಮುಂದಿಟ್ಟು ಮೊದಲ ಸಲ ಕಣ್ಣು ತೆರೆಸಿದರು. ಆಮೇಲೆ ಆರು ವರ್ಷ ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿದ್ದೆ. ಅಲ್ಲಿ ನಾನು ಹೇಳಿದ್ದೇ ಕೊನೆಯ ಮಾತು. ಅಲ್ಲಿಗೆ ಹೊಸ ಯಂತ್ರ ಬಂದಾಗ ಬೆಟಗೇರಿಯ ಡಾಕ್ಟರ್ ವೈಜಯಂತಿ ನನ್ನನ್ನು ತಮ್ಮ ಹೆರಿಗೆ ಆಸ್ಪತ್ರೆಗೆ ಕೊಂಡರು.

ಅಲ್ಲಿ ಎಸ್ತೇರವ್ವ ಇದ್ದಳು. ಮೂವತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದ ನರ್ಸ್.

ದಿನ ತುಂಬಿಯೂ ನೋವು ಬರದ ಬಸುರಿಯರಿಗೆ ಡಾಕ್ಟರ್ ಔಷಧಿ ಕೊಟ್ಟು ನೋವು ಬರಿಸುತ್ತಿದ್ದರು. ಹೆರಿಗೆ ತಾನಾಗಿ ಆದೀತೋ, ಆಪರೇಷನ್ ಬೇಕಾದೀತೋ ಎಂದು ತಿಳಿಯಲು ನನ್ನನ್ನು ಎಳೆದು ತರುತ್ತಿದ್ದರು. ಮಗುವಿನ ತಲೆ ಎಷ್ಟು ಇಳಿದಿದೆ ಎಂದು ನಾನು ಡಿಗ್ರಿಯಲ್ಲಿ ಹೇಳುತ್ತಿದ್ದೆ; ಡಿಗ್ರಿ ಹೆಚ್ಚಿದಷ್ಟೂ ತಲೆ ಕೆಳಗಿಳಿದಿದೆ ಎಂದರ್ಥ. ಡಾಕ್ಟರ್ ಅದನ್ನು ಬರೆದುಕೊಂಡು, ಎಸ್ತೇರವ್ವನ ಕಡೆ ತಿರುಗಿ, ನಿಮಗೇನು ಅನಿಸುತ್ತದೆ ಎಂದು ಕೇಳುತ್ತಿದ್ದರು. ಆಕೆ ಕೈಗವಸು ಹಾಕಿ ಎರಡು ಬೆರಳಲ್ಲಿ ಪರೀಕ್ಷಿಸಿ ಉತ್ತರ ಹೇಳುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಬೆರಳಿಗೆ ಇಷ್ಟು ಮರ್ಯಾದೆಯೇ?

ಒಂದು ದಿನ ದ್ಯಾಮವ್ವ ಎಂಬ ನೇಕಾರರ ಮನೆಯ ಸೊಸೆ ಬಂದಳು. ಚೊಚ್ಚಲು. ಬೆಳಿಗ್ಗೆಯೇ ಔಷಧಿ ಶುರುವಾಯಿತು. ಮಧ್ಯಾಹ್ನ ಒಂದಕ್ಕೆ ನಾನು ತೊಂಬತ್ತೆರಡು ಡಿಗ್ರಿ ಎಂದೆ. ತಲೆ ಮೇಲೆಯೇ ಇತ್ತು, ಬೆನ್ನಿನ ಕಡೆ ಇರಬೇಕಾದ ಮುಖ ಅಮ್ಮನ ಹೊಟ್ಟೆಯ ಕಡೆಗಿತ್ತು. ಆಪರೇಷನ್ನೇ ಆಗಬಹುದು ಎಂದರು ಡಾಕ್ಟರ್. ದ್ಯಾಮವ್ವ ಅಳಲಿಲ್ಲ. “ಹೊಟ್ಟಿ ಕೊಯ್ದರ ಮಗ್ಗದ ಕುಣಿಯಾಗ ಕುಂತ ನೇಯಾಕ ಎಷ್ಟ ತಿಂಗಳ ಆಗೂದಿಲ್ರಿ?” ಎಂದಳು.

ಎಸ್ತೇರವ್ವ ಪರೀಕ್ಷಿಸಿದಳು. “ಕೂಸು ತಿರುಗತೈತ್ರಿ ಮೇಡಂ. ಎಡಕ್ಕ ಮಲಗಸೂಣು. ಎರಡ ತಾಸ ಕೊಡ್ರಿ.”

ಮಗುವಿನ ಎದೆಬಡಿತ ಚೆನ್ನಾಗಿದ್ದುದರಿಂದ ಡಾಕ್ಟರ್ ಒಪ್ಪಿದರು. ಆ ಎರಡು ತಾಸೂ ಎಸ್ತೇರವ್ವ ದ್ಯಾಮವ್ವನ ಸೊಂಟ ಒತ್ತುತ್ತ ಪಕ್ಕದಲ್ಲೇ ನಿಂತಿದ್ದಳು. ನಾನು ಗೋಡೆಗೊರಗಿ, ಆಕೆ ಸೋಲಲಿ, ಈ ಒಂದು ಸಲ ಸೋಲಲಿ ಎಂದು ಹಾರೈಸುತ್ತಿದ್ದೆ.

ಮೂರಕ್ಕೆ ಮತ್ತೆ ನನ್ನನ್ನು ಎಳೆದು ತಂದರು. ಮಗು ತಿರುಗಿತ್ತು. ನೂರ ಇಪ್ಪತ್ತಾರು ಡಿಗ್ರಿ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಬಂದಿದ್ದರೆ ಹೇಳುತ್ತಿದ್ದೆನೇನೋ. ನಾಲ್ಕೂವರೆಗೆ ಹೆಣ್ಣು ಮಗು ತಾನಾಗಿ ಹುಟ್ಟಿತು. ದ್ಯಾಮವ್ವ ಎಸ್ತೇರವ್ವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನನ್ನ ಮೇಲಿನ ಜೆಲ್ ಒರೆಸಿ ಪಕ್ಕಕ್ಕೆ ತಳ್ಳಿದರು.

ಸಂಜೆ ಎಸ್ತೇರವ್ವ ಒಬ್ಬಳೇ ಬಂದು, ನನ್ನಲ್ಲಿ ಉಳಿಸಿಟ್ಟಿದ್ದ ಒಂದು ಗಂಟೆಯ ಮತ್ತು ಮೂರು ಗಂಟೆಯ ಎರಡು ಚಿತ್ರಗಳನ್ನು ಪರದೆಗೆ ತಂದು ಬಹಳ ಹೊತ್ತು ನೋಡಿದಳು. “ಬೆರಳಿಗೆ ಗೊತ್ತಿತ್ತು. ಕಣ್ಣಿಗೆ ಇವತ್ತ ಕಂಡಿತು,” ಎಂದಳು. ಆಗಲೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ.

ಈಗ ನರ್ಸಿಂಗ್ ಶಾಲೆಯೊಂದರ ಮೂಲೆಯಲ್ಲಿದ್ದೇನೆ. ಪರದೆಯ ಅರ್ಧ ಕಪ್ಪಾಗಿದೆ. ಹುಡುಗಿಯರು ಬೊಂಬೆಯ ಮೇಲೆ ನನ್ನಿಂದ ಕಲಿಯುತ್ತಾರೆ. ಬಿಡುವಿನಲ್ಲಿ ಆ ಮಧ್ಯಾಹ್ನ ನೆನಪಾಗುತ್ತದೆ. ಎಸ್ತೇರವ್ವ ಸೋತಿದ್ದರೆ ಕತ್ತಿ ಬೀಳುತ್ತಿದ್ದದ್ದು ದ್ಯಾಮವ್ವನ ಹೊಟ್ಟೆಯ ಮೇಲೆ. ಆ ಹೊಟ್ಟೆಯೊಳಗನ್ನೇ ನೋಡುತ್ತಿದ್ದರೂ ನನಗೆ ಅದು ಕಂಡಿರಲಿಲ್ಲ.