ಜಾವದಲ್ಲಿ ಬರುವವರು

"ಏನಮ್ಮ, ಇಷ್ಟು ವರ್ಷದಲ್ಲಿ ನಿಮ್ಮ ಯಜಮಾನರದು ಏನಾದ್ರೂ ಸುದ್ದಿ ಬಂತಾ?"

ಚಿಕ್ಕಬಳ್ಳಾಪುರದ ಕೋರ್ಟಿನ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದ ಲಕ್ಷ್ಮೀನರಸಮ್ಮನಿಗೆ ನ್ಯಾಯಾಧೀಶೆಯ ದನಿ ಕೆರೆಯ ಆಚೆ ದಡದಿಂದ ಬಂದಂತೆ ಕೇಳಿಸಿತು. ಇಲ್ಲ ಎಂದರೆ ಮುಗಿಯುತ್ತಿತ್ತು. ವಕೀಲ ಮುರಳಿಮೋಹನ್ ಬೆಳಿಗ್ಗೆಯಿಂದ ಅದೊಂದೇ ಮಾತನ್ನು ಹೇಳಿಕೊಟ್ಟಿದ್ದರು. ಏಳು ವರ್ಷ ಸುದ್ದಿಯಿಲ್ಲದವನನ್ನು ಕಾನೂನು ಸತ್ತವನೆಂದೇ ಎಣಿಸುತ್ತದೆ. ಹಾಗೆಂದು ಕೋರ್ಟು ಹೇಳಿದರೆ ಮಾತ್ರ ಜಮೀನಿನ ಖಾತೆ ಹೆಂಡತಿ, ಮಗಳ ಹೆಸರಿಗೆ ಬರುತ್ತದೆ.

ಗಂಡ ಜಯರಾಮಪ್ಪ ಹತ್ತು ವರ್ಷದ ಹಿಂದೆ ಚಿಂತಾಮಣಿ ಮಾರ್ಕೆಟ್ಟಿಗೆ ಟೊಮೇಟೊ ಹಾಕಿಕೊಂಡು ಹೋದವನು ಹಿಂದಿರುಗಿರಲಿಲ್ಲ. ಪೊಲೀಸರು ಹುಡುಕಿದರು, ನೆಂಟರು ತಿರುಪತಿಯವರೆಗೂ ಹೋಗಿ ಬಂದರು. ತಮ್ಮೂರು ಕಳವಾರದ ಹೊಲ ಮಾತ್ರ ಇನ್ನೂ ಅವನ ಹೆಸರಿನಲ್ಲೇ ಇತ್ತು. ಮಗಳು ಧನುಶ್ರೀ ಕೊರೆಸಿದ ಬೋರಿನಲ್ಲಿ ನೀರು ಸಿಕ್ಕಿತ್ತು. ಪಂಪಿನ ಕರೆಂಟಿಗೆ ಅರ್ಜಿ ಹಾಕಲು ಖಾತೆದಾರನ ಸಹಿ ಬೇಕಿತ್ತು. ಹೊಲದಲ್ಲಿ ನೆಡಲು ಅವಳು ತಂದ ಗುಲಾಬಿ ಸಸಿಗಳು ಮನೆ ಮುಂದೆಯೇ ಬಾಡುತ್ತಿದ್ದವು.

"ಬರ್ತಾರೆ, ತಾಯಿ," ಎಂದಳು ಲಕ್ಷ್ಮೀನರಸಮ್ಮ.

ಮುರಳಿಮೋಹನ್ ತಲೆಯೆತ್ತಿದರು. ಬಾಗಿಲ ಬಳಿ ನಿಂತಿದ್ದ ಧನುಶ್ರೀ ತಾಯಿಯ ಕಡೆ ತಿರುಗಿದಳು.

"ಯಾವಾಗ ಬರ್ತಾರೆ?"

"ಬೆಳಗಿನ ಜಾವ. ಬೆಟ್ಟದ ಮಂಜು ಅಂಗಳಕ್ಕೆ ಇಳೀತದಲ್ಲ, ಆವಾಗ. ತಲೆಗೆ ಟವಲ್ ಸುತ್ಕೊಂಡಿರ್ತಾರೆ. ನೀರು ಕಾದೈತಾ ಅಂತ ಕೇಳ್ತಾರೆ. ಕಾದೈತೆ ಅಂತೀನಿ."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ಎದ್ದ ಮೇಲೆ?"

"ಎದ್ದ ಮೇಲೆ ಒಲೆ ತಣ್ಣಗಿರ್ತದೆ."



"ನೋಡೋಕೆ ಹೇಗಿದ್ದಾರೆ ಈಗ?"

ಹೇಳಲು ಹೋದವಳು ಅಲ್ಲೇ ನಿಲ್ಲಿಸಿದಳು. ಕನಸಿನ ಮಂಜಿನಲ್ಲಿ ನಿಂತ ಅವನ ಮೀಸೆ ಕಪ್ಪಗೇ ಇತ್ತು. ಅವನ ಹಿಂದೆ ಅಂಗಳದಲ್ಲಿ ಧನುಶ್ರೀ ಸ್ಕೂಲಿನ ನೀಲಿ ಲಂಗ ತೊಟ್ಟು ಕುಂಟೆಬಿಲ್ಲೆ ಆಡುತ್ತಿದ್ದಳು. ಲಕ್ಷ್ಮೀನರಸಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ, ಬಿಸಿಲಿಗೆ ಕಪ್ಪಾದ ಮೈಕೈಯ ದೊಡ್ಡ ಹೆಂಗಸೊಬ್ಬಳು ತನ್ನನ್ನೇ ನೋಡುತ್ತ ನಿಂತಿದ್ದಳು.

"ಅವ್ರಿಗೆ ವಯಸ್ಸೇ ಆಗಿಲ್ಲ, ತಾಯಿ," ಎಂದಳು ಮೆಲ್ಲಗೆ. "ನಮಗೆ ಮಾತ್ರ ಆಗೈತೆ."

ಮೇಲೆ ಫ್ಯಾನು ತಿರುಗುತ್ತಿತ್ತು. ನ್ಯಾಯಾಧೀಶೆ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು.

"ಸುದ್ದಿ ಬಂದಿಲ್ಲ. ಹಂಗೇ ಬರ್ಕೊಳ್ಳಿ," ಎಂದಳು ಲಕ್ಷ್ಮೀನರಸಮ್ಮ.

ಹೊರಗೆ ಹೊಂಗೆಮರದ ನೆರಳಿಗೆ ಬಂದ ಮೇಲೆ ಧನುಶ್ರೀ ತಾಯಿಗೆ ನೀರಿನ ಬಾಟಲಿ ಕೊಟ್ಟಳು. ಆಮೇಲೆ ಕೇಳಿದಳು: "ಅಪ್ಪ ಬರೋದು ನಂಗ್ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀನೂ ಕಾಯ್ತಾ ಕೂತ್ಕೋತಿದ್ದೆ ಕಣಮ್ಮ."

ಚಳಿ ಮುಗಿಯುವ ಹೊತ್ತಿಗೆ ತೀರ್ಪು ಅವರ ಪರವಾಗಿ ಬಂತು. ಅದನ್ನು ಕೇಳಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಾಗ ಹೂವಿನವಳು ತೀರ್ಪಿನ ವಿಷಯ ಏನೂ ತಿಳಿಯದೆ, ಎಂದಿನಂತೆ ಒಂದು ಮೊಳ ಕಾಕಡ ಮಲ್ಲಿಗೆ ಅಳೆದು ಲಕ್ಷ್ಮೀನರಸಮ್ಮನ ಕೈಗಿಟ್ಟಳು. ಅವಳು ಬೇಡವೆನ್ನಲಿಲ್ಲ. ಅರ್ಧ ಹರಿದು ಮಗಳ ಜಡೆಗೆ ಮುಡಿಸಿದಳು. ಉಳಿದರ್ಧ ಮುಷ್ಟಿಯಲ್ಲೇ ಇತ್ತು. ಬಸ್ಸು ಊರು ದಾಟಿದ ಮೇಲೆ ಬೆರಳು ಸಡಿಲಿಸಿ ನೋಡಿದಳು. ಅಂಗೈಯ ಬಿಸಿಗೆ ಮೊಗ್ಗುಗಳು ಒಂದೊಂದಾಗಿ ಬಿರಿಯುತ್ತಿದ್ದವು.